ಸೋಫಾದ ಹೊಟ್ಟೆಯಲ್ಲಿ ಏನಿದೆ?

“ಸಿಕ್ತಾ?”

“ತಾಳಪ್ಪಾ, ಇನ್ನೂ ಹುಡುಕ್ತಿದ್ದೀನಿ.”

ಚೂಟಿಯ ಬಲಗೈ ಭುಜದ ತನಕ ಕುರ್ಚಿಯ ಹೊಟ್ಟೆಯೊಳಗಿತ್ತು. ಕೆನ್ನೆ ಸೀಟಿಗೆ ಒತ್ತಿಕೊಂಡಿತ್ತು. ಕಣ್ಣು ಮುಚ್ಚಿತ್ತು. ಅದು ಅಂಗಡಿಯ ನಿಯಮ. ಕೈ ಹಾಕಿದವರು ನೋಡುವ ಹಾಗಿಲ್ಲ. ಮೊದಲು ಮುಟ್ಟಿ ಏನೆಂದು ಹೇಳಬೇಕು, ಆಮೇಲೆ ಹೊರಗೆ ತೆಗೆಯಬೇಕು.

“ಉದ್ದಕ್ಕಿದೆ. ಮರದ್ದು. ಒಂದು ತುದಿ ಚೂಪು. ಇನ್ನೊಂದು ತುದಿ... ಥೂ, ಯಾರೋ ಕಚ್ಚಿದ್ದಾರೆ. ಪೆನ್ಸಿಲ್!”

ಪೆನ್ಸಿಲ್ಲೇ ಬಂತು. ಅಪ್ಪ ಚಪ್ಪಾಳೆ ತಟ್ಟಿದ.

ಹಳೆಯ ಸೋಫಾ, ಕುರ್ಚಿಗಳ ಬಟ್ಟೆ ಬಿಚ್ಚಿ, ಸ್ಪ್ರಿಂಗು, ಸ್ಪಂಜು ಬದಲಾಯಿಸಿ ಹೊಸದು ಮಾಡುವುದು ಅಪ್ಪನ ಕೆಲಸ. ಅಂಗಡಿಯ ಹಿಂದಿನ ಕೋಣೆ ಅವನದು. ಮುಂದಿನ ಕೋಣೆಯಲ್ಲಿ ಅಮ್ಮ ಹೊಲಿಗೆ ಮಿಷನ್ನಿನ ಮುಂದೆ ಕೂತು ಹೊಸ ಕವರು ಹೊಲಿಯುತ್ತಿದ್ದಳು. ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಗಾಜಿನ ಕಿಟಕಿ ಇತ್ತು. ಬಿಚ್ಚುವ ಮೊದಲು ಸೋಫಾದ ಹೊಟ್ಟೆ ನೋಡುವ ಹಕ್ಕು ಮಾತ್ರ ಚೂಟಿಯದು. ಗುಂಡಿ, ಗೋಲಿ, ಬೀಗದ ಕೈ, ಆಟದ ಕಾರಿನ ಚಕ್ರ, ಏನೇನೋ ಸಿಗುತ್ತಿದ್ದವು. ವಾರಸುದಾರರು ಕೇಳಿದರೆ ಅವರಿಗೆ. ಯಾರೂ ಕೇಳದಿದ್ದರೆ ಚೂಟಿಯ ಡಬ್ಬಿಗೆ. ಎಂಥ ಸಂದಿಗಾದರೂ ಕೈ ತೂರಿಸುವವಳು ಎಂದೇ ಮನೆಯಲ್ಲೂ ಶಾಲೆಯಲ್ಲೂ ಅವಳು ಚೂಟಿ.

“ಇನ್ನೂ ಏನೋ ಇದೆ ಅಪ್ಪಾ. ಮೂಲೇಲಿ. ಮೆತ್ತಗೆ... ಆ... ಆ... ಆಕ್ಷೀ!”

“ಒಂದು,” ಎಂದಳು ಅಮ್ಮ ಮುಂದಿನ ಕೋಣೆಯಿಂದ, ಮಿಷನ್ ನಿಲ್ಲಿಸದೆ.

“ಆಕ್ಷೀ! ಆಕ್ಷೀ!”

“ಎರಡು. ಮೂರು. ಇವತ್ತು ಎಷ್ಟಕ್ಕೆ ನಿಲ್ಲುತ್ತೋ ನೋಡೋಣ.”

ಆವತ್ತು ಅಮ್ಮನಿಗೇ ಲೆಕ್ಕ ತಪ್ಪಿತು.

ಸೀನು ನಿಂತ ಮೇಲೆ ತಲೆನೋವು ಶುರು. ಹುಬ್ಬಿನ ಮೇಲೆ, ಮೂಗಿನ ಎರಡೂ ಪಕ್ಕ, ಯಾರೋ ಒಳಗಿನಿಂದ ಹೆಬ್ಬೆರಳು ಒತ್ತಿದ ಹಾಗೆ. ಬಗ್ಗಿದರೆ ನೋವೂ ಮುಂದಕ್ಕೆ ಉರುಳಿ ಬರುತ್ತಿತ್ತು. ಅದಕ್ಕೇ ಚೂಟಿ ಬಗ್ಗಿ ಶೂ ಲೇಸ್ ಕಟ್ಟುತ್ತಿರಲಿಲ್ಲ. ಕಾಲನ್ನೇ ಸ್ಟೂಲಿನ ಮೇಲೆತ್ತಿ ಕಟ್ಟುತ್ತಿದ್ದಳು.

“ನಮ್ಮ ಕೆಲಸಕ್ಕೆ ಕಬ್ಬಿಣದ ಮೂಗು ಬೇಕು ಮಗಳೇ, ನನ್ನ ಥರ,” ಎಂದ ಅಪ್ಪ. ಅವನ ಮಾಸ್ಕು ಯಾವತ್ತಿನಂತೆ ಗದ್ದದ ಮೇಲಿತ್ತು. “ಒಂದು ಸ್ಟ್ರಾಂಗ್ ಟೀ ಕುಡಿದ್ರೆ ಯಾವ ತಲೆನೋವೂ ನಿಲ್ಲಲ್ಲ.”

“ಮಗೂಗೆ ಟೀ ಕುಡಿಸೋ ವೈದ್ಯ ಬಂದ,” ಎಂದಳು ಅಮ್ಮ. “ನಡೀರಿ, ನಾಳೆ ಡಾಕ್ಟರ ಹತ್ತಿರ.”

*

ಮೂಗಿನ ಡಾಕ್ಟರ್ ಚೂಟಿಯ ಮುಂಗೈ ಮೇಲೆ ಸಾಲಾಗಿ ಹನಿಗಳನ್ನು ಇಟ್ಟರು. ಒಂದು ಹನಿ ಬೆಕ್ಕಿನದು, ಒಂದು ಬೂಷ್ಟಿನದು, ಒಂದು ಹುಲ್ಲಿನದು, ಒಂದು ಜಿರಲೆಯದು, ಒಂದು ಧೂಳಿನ ಹುಳದ್ದು. ಆಮೇಲೆ ಪ್ರತಿ ಹನಿಯಲ್ಲೂ ಒಂದು ಪುಟ್ಟ ಮೊನೆಯಿಂದ ಚುಚ್ಚಿದರು. ಚೂಟಿಗೆ ಚಿವುಟಿದಷ್ಟೂ ನೋವಾಗಲಿಲ್ಲ. ಅವಳ ಕೈ ಹಿಡಿದುಕೊಂಡಿದ್ದ ಅಪ್ಪ ಮಾತ್ರ ತಲೆ ಎತ್ತಿ ಮೇಲೆ ನೋಡುತ್ತಿದ್ದ.

“ಫ್ಯಾನಿಗೆ ಎಷ್ಟು ಧೂಳು ಹಿಡಿದಿದೆ ನೋಡಿ,” ಎಂದ.

ಸ್ವಲ್ಪ ಹೊತ್ತು ಕಾದ ಮೇಲೆ ಒಂದೇ ಒಂದು ಹನಿಯ ಜಾಗದಲ್ಲಿ ಸೊಳ್ಳೆ ಕಚ್ಚಿದಂಥ ಗಂಟು ಎದ್ದಿತು. ಸುತ್ತ ಕೆಂಪು. ಡಾಕ್ಟರ್ ಅದನ್ನು ಪುಟ್ಟ ಸ್ಕೇಲಿನಿಂದ ಅಳೆದರು.

“ಸಿಕ್ಕಿಬಿದ್ದ ಕಳ್ಳ. ಧೂಳಿನ ಹುಳ. ಕಣ್ಣಿಗೆ ಕಾಣಲ್ಲ. ಹಾಸಿಗೆ, ದಿಂಬು, ಹಳೇ ಸೋಫಾ ಅಂದ್ರೆ ಅದಕ್ಕೆ ಅರಮನೆ.”

“ಕಚ್ಚುತ್ತಾ?”

“ಇಲ್ಲ, ಪಾಪದ್ದು. ಅದರ ಕಕ್ಕ ಧೂಳಿನ ಜೊತೆ ಹಾರುತ್ತೆ. ಅದು ಮೂಗಿಗೆ ಹೋದ್ರೆ ನಿನ್ನ ಮೈ ಶತ್ರು ಬಂದ ಅಂದ್ಕೊಂಡು ಯುದ್ಧ ಶುರು ಮಾಡುತ್ತೆ. ಮೂಗಿನೊಳಗೆ ಊದಿಕೊಳ್ಳುತ್ತೆ. ಹಣೆ, ಕೆನ್ನೆ ಹಿಂದೆ ಟೊಳ್ಳು ಟೊಳ್ಳಾಗಿ ಪುಟ್ಟ ಕೋಣೆಗಳಿವೆ, ಅವುಗಳ ಬಾಗಿಲು ಮುಚ್ಚಿಹೋಗುತ್ತೆ. ಅದೇ ನಿನ್ನ ತಲೆನೋವು.”

ಚೂಟಿಯ ಕಿವಿ ನಿಂತದ್ದು ಒಂದೇ ಪದದ ಮೇಲೆ.

“ಅಪ್ಪಾ! ನಾನು ಇಷ್ಟು ದಿನ ಕಕ್ಕ ಮೂಸ್ತಿದ್ದೆ!”

ಹೊರಗೆ ಬೆಂಚಿನಲ್ಲಿ ಕೂತವರೆಲ್ಲ ಇತ್ತ ತಿರುಗಿದರು. ಅಪ್ಪ ಮತ್ತೆ ಫ್ಯಾನು ನೋಡಿದ.

ಮದ್ದೂ ಅದೇ ಹುಳದ್ದು ಎಂದರು ಡಾಕ್ಟರ್. ಹುಳದ ಸಾರ, ಚೂರೇ ಚೂರು, ತೋಳಿಗೆ ಇಂಜೆಕ್ಷನ್. ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾರೆ. ನಿಧಾನವಾಗಿ ಮೈಗೆ ಹುಳದ ಪರಿಚಯವಾಗುತ್ತದೆ, ಜಗಳ ಕಡಿಮೆಯಾಗುತ್ತದೆ.

“ನಾಳೆಗೆ ವಾಸಿ ಆಗುತ್ತಾ?”

“ಗುಣ ಗೊತ್ತಾಗೋಕೇ ಕೆಲವು ತಿಂಗಳು ಬೇಕು. ಪೂರ್ತಿ ಕೋರ್ಸು ಮೂರು ವರ್ಷ. ಜಾಸ್ತೀನೂ ಆಗಬಹುದು. ಅಲ್ಲಿವರೆಗೆ ಮಾತ್ರೆ, ಮೂಗಿಗೆ ಸ್ಪ್ರೇ.”

“ಅಷ್ಟೊತ್ತಿಗೆ ನಾನು ಹೈಸ್ಕೂಲಲ್ಲಿರ್ತೀನಿ!”

“ಹೈಸ್ಕೂಲಲ್ಲಿ ಸೀನದೆ ಇರ್ತೀಯ. ಮತ್ತೆ ಅಪ್ಪ ಹೇಳಿದ್ರಲ್ಲ, ಸೋಫಾ ಬಿಚ್ಚೋ ಆ ಹಿಂದಿನ ಕೋಣೆ, ನಾನು ಹೇಳೋವರೆಗೂ ಅಲ್ಲಿಗೆ ಕಾಲಿಡಬಾರದು.”

ಎಲ್ಲ ಚುಚ್ಚಿದ್ದಕ್ಕಿಂತ ಇದು ಹೆಚ್ಚು ಚುಚ್ಚಿತು.

*

ಮನೆಯಲ್ಲಿ ಚೂಟಿಯ ಹೊದಿಕೆಗಳೆಲ್ಲ ಬಿಸಿನೀರಿಗೆ ಬಿದ್ದವು. ಅವಳ ಹಾಸಿಗೆ, ದಿಂಬಿಗೆ ಅಮ್ಮ ಒತ್ತು ನೇಯ್ಗೆಯ ಕವರು ಹೊಲಿದು ಜಿಪ್ಪು ಹಾಕಿದಳು. ಅಂಗಡಿಯಲ್ಲಿ ಚೂಟಿಯ ಸ್ಟೂಲು ಹಿಂದಿನ ಕೋಣೆಯಿಂದ ಮುಂದಿನ ಕೋಣೆಗೆ ಬಂತು.

ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಇಂಜೆಕ್ಷನ್. “ನಾನು ಕರ್ಕೊಂಡು ಹೋಗ್ತೀನಿ, ನಿಮಗೆ ಕೆಲಸ ಇದೆ” ಎಂದು ಅಮ್ಮ ಹೇಳಿದರೂ ಅಪ್ಪ ಬಿಡುತ್ತಿರಲಿಲ್ಲ. ತಾನೇ ಬರುತ್ತಿದ್ದ. ಚೂಟಿಯ ಕೈ ಹಿಡಿದುಕೊಳ್ಳುತ್ತಿದ್ದ. ಫ್ಯಾನಿನ ಧೂಳಿನ ವಿಷಯ ಎತ್ತುತ್ತಿದ್ದ.

ಇಂಜೆಕ್ಷನ್ ಕೊಡುವ ಸಿಸ್ಟರ್ ಪ್ರತಿ ಸಲವೂ ಅದೇ ಪ್ರಶ್ನೆ ಕೇಳುತ್ತಿದ್ದರು. “ಹೋದ ಸಲ ಚುಚ್ಚಿದ ಜಾಗ ಊದಿತ್ತಾ? ಎಷ್ಟು ದೊಡ್ಡದು? ಜ್ವರ? ಕೆಮ್ಮು? ಉಸಿರಾಡೋಕೆ ಕಷ್ಟ?” ಎಲ್ಲದಕ್ಕೂ ಇಲ್ಲ ಎಂದರೆ ಮದ್ದು ಒಂದು ಮೆಟ್ಟಿಲು ಮೇಲೆ. ಹೌದು ಎಂದರೆ ಇದ್ದಲ್ಲೇ, ಇಲ್ಲವೇ ಕೆಳಕ್ಕೆ.

“ಹಾವು ಏಣಿ ಆಟ,” ಎಂದಳು ಚೂಟಿ.

ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅಲ್ಲೇ ಬೆಂಚಿನಲ್ಲಿ ಕೂರಬೇಕು. ಗೋಡೆಯ ಪಕ್ಕದ ಟ್ರೇಯಲ್ಲಿ ಒಂದು ಕೆಂಪು ಡಬ್ಬಿ ಯಾವಾಗಲೂ ಇರುತ್ತಿತ್ತು. ಅದು ಯಾಕೆಂದು ಚೂಟಿ ಕೇಳಿದಳು.

“ಯಾರಿಗಾದ್ರೂ ಮದ್ದು ಒಗ್ಗದೆ ಇಡೀ ಮೈ ಕೆರಳಿದ್ರೆ, ತಕ್ಷಣ ಕೊಡೋಕೆ,” ಎಂದರು ಸಿಸ್ಟರ್. “ತುಂಬ ಅಪರೂಪ. ಆದರೆ ಹಾಗಾದ್ರೆ ಸಾಮಾನ್ಯವಾಗಿ ಈ ಅರ್ಧ ಗಂಟೆಯಲ್ಲೇ ಆಗುತ್ತೆ. ಅದಕ್ಕೇ ನಿಮ್ಮನ್ನ ಕೂರಿಸೋದು. ಅದಕ್ಕೇ ಅಷ್ಟೊಂದು ಪ್ರಶ್ನೆ ಕೇಳೋದು.”

ಅರ್ಧ ಗಂಟೆ ಕಳೆಯಲು ಅಪ್ಪ-ಮಗಳು ಆಟ ಕಂಡುಹಿಡಿದರು. ಅಪ್ಪ ಕಣ್ಣು ಮುಚ್ಚಬೇಕು. ಚೂಟಿ ತನ್ನ ಬ್ಯಾಗಿನಿಂದ ಏನಾದರೂ ತೆಗೆದು ಅವನ ಅಂಗೈಯಲ್ಲಿಡುತ್ತಾಳೆ. ಅವನು ಹೇಳಬೇಕು.

“ಬಿಸ್ಕತ್ತು.”

“ರಬ್ಬರ್, ಅಪ್ಪಾ!”

“ಇದು... ಬಾಚಣಿಗೆ.”

“ಸ್ಕೇಲು! ಎಲ್ಲಿದೆ ಹಲ್ಲು? ಅಯ್ಯೋ, ನಿನಗೆ ಕೈ ಇದೆಯೋ ಸೌಟಿದೆಯೋ?”

*

ಹಲ್ಲು ಡಾಕ್ಟರ ಸೋಫಾ ಬಂದದ್ದು ಹೀಗೆ ಮದ್ದು ಮೆಟ್ಟಿಲು ಹತ್ತುತ್ತಿದ್ದಾಗಲೇ.

ಆ ಸೋಫಾದ ಮೇಲೆ ಚೂಟಿಯ ಕಣ್ಣು ಬಹಳ ದಿನದಿಂದ ಇತ್ತು. ಊರಿನ ಮಕ್ಕಳೆಲ್ಲ ಹಲ್ಲು ಕೀಳಿಸಿಕೊಳ್ಳುವ ಮೊದಲು ಅದರ ಮೇಲೇ ಕೂತು ಗಡಗಡ ನಡುಗುತ್ತಿದ್ದರು. ಹೆದರಿದ ಮಕ್ಕಳ ಕೈ ಸುಮ್ಮನಿರುವುದಿಲ್ಲ. ಕೈಲಿದ್ದದ್ದನ್ನು ಸಂದಿಗೆ ತುರುಕುತ್ತವೆ. ಚೂಟಿಯೇ ಒಮ್ಮೆ ಅದರೊಳಗೆ ತನ್ನ ಹೇರ್‌ಕ್ಲಿಪ್ಪು ತುರುಕಿದ್ದಳು. ಅಂಥ ಸೋಫಾದ ಹೊಟ್ಟೆ ಎಂದರೆ ಎಂಥದಿರಬೇಕು!

“ಕ್ಲಿನಿಕ್ಕಿಗೆ ಪೇಂಟ್ ಆಗೋದ್ರೊಳಗೆ ಬೇಕು,” ಎಂದು ಹೇಳಿ ಹಲ್ಲು ಡಾಕ್ಟರು ಹೊರಟುಹೋದರು.

“ಅಪ್ಪಾ, ನಾನು ಬರೋ ತನಕ ಇದರ ಹೊಟ್ಟೆಗೆ ಕೈ ಹಾಕ್ಬೇಡ.”

“ಮೂರು ವರ್ಷ ಕಾಯೋಕಾಗುತ್ತಾ ಮಗಳೇ? ಜನ ನಿಂತ್ಕೊಂಡೇ ಹಲ್ಲು ಕೀಳಿಸ್ಕೋತಾರಾ? ಮುಂದಿನ ವಾರ ಭಾನುವಾರ ಬಿಚ್ಚಲೇಬೇಕು.”

ಆ ವಾರದ ಇಂಜೆಕ್ಷನ್ನಿನಲ್ಲಿ ಚೂಟಿ ಸಿಸ್ಟರನ್ನು ಗೋಗರೆದಳು. “ನಾಲ್ಕು ವಾರದ್ದು ಒಟ್ಟಿಗೆ ಕೊಟ್ಬಿಡಿ. ನಾನು ಅಳಲ್ಲ.”

“ನೀನು ಅಳಲ್ಲ, ಗೊತ್ತು. ನಿನ್ನ ಮೈ ಗಲಾಟೆ ಮಾಡುತ್ತೆ,” ಎಂದು ನಕ್ಕರು ಸಿಸ್ಟರ್. “ಬರೋ ಶನಿವಾರ ನಮಗೆ ರಜೆ. ಮುಂದಿನದು ಶುಕ್ರವಾರಾನೇ ಬಂದುಬಿಡು.”

ಗುರುವಾರ ಸಂಜೆ ಅಪ್ಪ ಒಂದು ಕುರ್ಚಿ ಕೊಟ್ಟುಬರಲು ಹೋಗಿದ್ದ. ಅಮ್ಮನ ಮಿಷನ್ನು ಕಟಕಟ ಓಡುತ್ತಿತ್ತು. ಚೂಟಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡಳು. ಇಷ್ಟು ಇಂಜೆಕ್ಷನ್ ಆಗಿದೆಯಲ್ಲ, ಇಷ್ಟರಲ್ಲಿ ಹುಳಕ್ಕೂ ತನಗೂ ಸ್ವಲ್ಪವಾದರೂ ಸ್ನೇಹ ಆಗಿರಲೇಬೇಕು ಎಂದುಕೊಂಡಳು. ಬೆಕ್ಕಿನ ಹೆಜ್ಜೆ ಇಟ್ಟು ಹಿಂದಿನ ಕೋಣೆಗೆ ಹೋಗಿ, ಸೋಫಾದ ಮುಂದೆ ಮಂಡಿಯೂರಿ, ಕಣ್ಣು ಮುಚ್ಚಿ ಕೈ ತೂರಿಸಿದಳು.

ಎಷ್ಟು ಆಳ! ಬೆರಳಿಗೆ ಏನೋ ತಗುಲಿತು. ತಣ್ಣಗಿತ್ತು. ತೆಳ್ಳಗೆ, ಉದ್ದಕ್ಕಿತ್ತು. ತುದಿಯಲ್ಲಿ ಗುಂಡನೆಯ ಏನೋ...

ಅಷ್ಟರಲ್ಲಿ ಸೀನು ಬಂತು. ಸ್ನೇಹ ಏನೂ ಆಗಿರಲಿಲ್ಲ. ಅಮ್ಮ ಲೆಕ್ಕ ಶುರುಮಾಡುವ ಮೊದಲೇ ಚೂಟಿ ಎರಡೂ ಕೈಯಿಂದ ಮೂಗು ಹಿಡಿದುಕೊಂಡು ಹಿತ್ತಲಿಗೆ ಓಡಿದಳು.

ರಾತ್ರಿ ಹಣೆ ಭಾರವಾಯಿತು. ಅದೇನೂ ಹೊಸದಲ್ಲ. ಹೊಸದು ಬೇರೆ ಇತ್ತು. ಉಸಿರು ಬಿಟ್ಟಾಗಲೆಲ್ಲ ಎದೆಯೊಳಗೆ ಯಾರೋ ಸಣ್ಣಗೆ ಸೀಟಿ ಹೊಡೆದ ಹಾಗೆ ಸುಯ್ ಸುಯ್ ಎನ್ನುತ್ತಿತ್ತು. ಚೂಟಿ ದಿಂಬನ್ನು ಎದೆಗೆ ಅವುಚಿಕೊಂಡು ಮಲಗಿದಳು. ಹೇಳಿದರೆ ಕೋಣೆಗೆ ಹೋದದ್ದು ಗೊತ್ತಾಗುತ್ತದೆ. ಮದ್ದು ಕೆಳಕ್ಕಿಳಿಯುತ್ತದೆ. ಹಿಂದಿನ ಕೋಣೆ ಇನ್ನೂ ದೂರವಾಗುತ್ತದೆ. ತುಟಿ ಪಿಟಕ್ಕೆನ್ನಬಾರದು ಎಂದು ನಿಶ್ಚಯಿಸಿದಳು.

*

“ಹೋದ ಸಲ ಊದಿತ್ತಾ?”

“ಇಲ್ಲ.”

“ಜ್ವರ?”

“ಇಲ್ಲ.”

“ಕೆಮ್ಮು? ಉಸಿರಾಡೋಕೆ ಕಷ್ಟ?”

“ಇಲ್ಲ, ಇಲ್ಲ.”

ಎರಡನೆಯ ‘ಇಲ್ಲ’ ಸುಳ್ಳಾಗಿತ್ತು. ಆದರೆ ಸಿಸ್ಟರ್ ಆಗಲೇ ಮದ್ದಿನ ಸೀಸೆಯ ಕಡೆ ತಿರುಗಿದ್ದರು. ಸೂಜಿಗೆ ಮದ್ದು ಎಳೆದುಕೊಂಡರು. ಚೂಟಿ ಅಂಗಿಯ ತೋಳು ಮೇಲೇರಿಸಿದಳು. ಅಪ್ಪ ಅವಳ ಇನ್ನೊಂದು ಕೈ ಹಿಡಿದುಕೊಂಡು ತಲೆ ಎತ್ತಿದ.

“ಈ ಫ್ಯಾನಿನ ಧೂಳು ಮಾತ್ರ ಯಾರೂ ಒರೆಸಲ್ಲ,” ಎಂದ.

ಚೂಟಿಗೆ ಆವತ್ತು ಸೂಜಿಯನ್ನಾಗಲಿ ಸಿಸ್ಟರ ಮುಖವನ್ನಾಗಲಿ ನೋಡುವುದು ಬೇಕಿರಲಿಲ್ಲ. ಅವಳೂ ಮೇಲೆ ನೋಡಿದಳು.

ಫ್ಯಾನಿನಲ್ಲಿ ಧೂಳೇ ಇರಲಿಲ್ಲ. ಮೂರೂ ರೆಕ್ಕೆ ಈಗಷ್ಟೇ ತೊಳೆದಿಟ್ಟ ತಟ್ಟೆಯ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದವು.

ಚೂಟಿ ಅಪ್ಪನ ಕಡೆ ತಿರುಗಿದಳು. ಅವಳ ಕೈ ಹಿಡಿದಿದ್ದ ಅಂಗೈ ಬೆವರಿನಿಂದ ಒದ್ದೆಯಾಗಿತ್ತು. ಗೇಣುದ್ದದ ದಬ್ಬಣವನ್ನು ದಪ್ಪ ಚರ್ಮದೊಳಗೆ ನುಗ್ಗಿಸಿ ಅತ್ತ ಎಳೆಯುವ ಕೈ ಅದು. ಈ ಚಿಕ್ಕ ಸೂಜಿಗೆ ಅದು ಸಣ್ಣಗೆ ನಡುಗುತ್ತಿತ್ತು. ಪ್ರತಿ ವಾರವೂ ಹೀಗೇ ನಡುಗಿರಬೇಕು. ಆದರೂ ಅಮ್ಮನಿಗೆ ಒಂದು ವಾರವೂ ಬಿಟ್ಟುಕೊಟ್ಟಿರಲಿಲ್ಲ.

ಅವಳ ಎದೆ ಸುಯ್ ಎಂದಿತು. ಗೋಡೆಯ ಪಕ್ಕದ ಟ್ರೇಯಲ್ಲಿ ಕೆಂಪು ಡಬ್ಬಿ ಇತ್ತು. ಸಿಸ್ಟರ್ ತೋಳಿಗೆ ಸ್ಪಿರಿಟ್ ಹತ್ತಿ ಒತ್ತಿದರು.

“ನಿಲ್ಲಿ!”

ಸಿಸ್ಟರ್ ಕೈ ಹಿಂದಕ್ಕೆ ಎಳೆದುಕೊಂಡರು.

“ಸೀಟಿ ಹೊಡೀತಿದೆ,” ಎಂದಳು ಚೂಟಿ. “ನನ್ನ ಎದೆ. ನಿನ್ನೆ ರಾತ್ರಿಯಿಂದ. ನಾನು... ಸೋಫಾದ ಹೊಟ್ಟೆಗೆ ಕೈ ಹಾಕ್ಬಿಟ್ಟೆ.”

ಸಿಸ್ಟರ್ ಸೂಜಿಯನ್ನು ಟ್ರೇಯಲ್ಲಿಟ್ಟರು. ಡಾಕ್ಟರ್ ಬಂದರು, ಸ್ಟೆತಸ್ಕೋಪು ಇಟ್ಟು ಬೆನ್ನಲ್ಲಿ, ಎದೆಯಲ್ಲಿ ಕೇಳಿದರು. ಬಾಯಿಗೆ ಮದ್ದು ಎಳೆದುಕೊಳ್ಳುವ ಒಂದು ಪುಟ್ಟ ಪಂಪು ಕೊಟ್ಟು ಉಸಿರು ಎಳೆಸಿದರು. ಸೀಟಿ ಕಡಿಮೆಯಾಯಿತು.

“ಇವತ್ತು ಇಂಜೆಕ್ಷನ್ ಇಲ್ಲ,” ಎಂದರು. “ಎದೆ ಹೀಗಿರುವಾಗ ಕೊಟ್ಟಿದ್ರೆ ಕಷ್ಟ ಆಗಬಹುದಿತ್ತು. ಮುಂದಿನ ವಾರ ಎದೆ ಸರಿಯಾಗಿದ್ರೆ ಹಳೇ ಅಳತೆಯಲ್ಲೇ ಕೊಡೋಣ. ಒಳ್ಳೆ ಹೊತ್ತಿಗೆ ಬಾಯಿ ಬಿಟ್ಟೆ.”

“ಹಾವು ಕಚ್ತು,” ಎಂದಳು ಚೂಟಿ ಮೆಲ್ಲಗೆ.

ಮನೆಗೆ ನಡೆಯುವಾಗ ಈಗ ಬೈಗುಳ ಬರುತ್ತದೆ, ಈಗ ಬರುತ್ತದೆ ಎಂದು ಚೂಟಿ ಕಾಯುತ್ತಲೇ ಇದ್ದಳು. ತಿರುವಿನಲ್ಲಿ ಅಪ್ಪ ನಿಂತ.

“ಅಮ್ಮನಿಗೆ ನೀನೇ ಹೇಳ್ಬೇಕು. ನಾನು ಅಡ್ಡ ಬರಲ್ಲ.”

“ಹೂಂ.”

ಮತ್ತೆ ಸ್ವಲ್ಪ ದೂರ ನಡೆದರು.

“ಏನು ಸಿಕ್ತು?” ಎಂದ ಅಪ್ಪ.

“ಅಪ್ಪಾ!”

“ಅಲ್ಲ, ಸುಮ್ಮನೆ ಕೇಳ್ದೆ.”

“ಗೊತ್ತಾಗ್ಲಿಲ್ಲ. ತಣ್ಣಗಿತ್ತು. ಕಡ್ಡಿ ಥರ. ತುದೀಲಿ ಗುಂಡಗೆ ಏನೋ.”

*

ಅಮ್ಮನ ಬೈಗುಳ ಭಾನುವಾರದ ತನಕ ಕಂತು ಕಂತಾಗಿ ಬಂತು. ಕೊನೆಯ ಕಂತಿನ ಜೊತೆಗೇ ಅವಳು ಚೂಟಿಯ ಸ್ಟೂಲನ್ನು ಎಳೆದು ತಂದು ಗಾಜಿನ ಕಿಟಕಿಯ ಕೆಳಗೆ ಹಾಕಿದಳು.

“ಹತ್ತಿ ನಿಂತ್ಕೋ. ಮೂಗು ಈಚೆ ಇರ್ಲಿ, ಕಣ್ಣು ಆಚೆ ಹೋಗ್ಲಿ.”

ಗಾಜಿನಾಚೆ ಅಪ್ಪ ಹಲ್ಲು ಡಾಕ್ಟರ ಸೋಫಾದ ಮುಂದೆ ಮಂಡಿಯೂರಿ ಕೂತಿದ್ದ. ಈ ಸಲ ಕೈ ಅವನದು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಭುಜದ ತನಕ ಒಳಗೆ ತೂರಿಸಿದ.

“ಸಿಕ್ತಾ?” ಎಂದು ಕೂಗಿದಳು ಚೂಟಿ.

“ತಾಳೇ! ಹಾಂ, ಸಿಕ್ತು. ಇದು ಚಮಚ!”

“ಹಾಗೆಲ್ಲ ಹೇಳ್ಬೇಡ! ಹೇಗಿದೆ ಹೇಳು. ತುದಿ ಹಳ್ಳ ಇದೆಯಾ?”

“ಇಲ್ಲ. ಚಪ್ಪಟೆ.”

“ನುಣುಪಾ, ಒರಟಾ?”

“ನುಣುಪು. ತಣ್ಣಗಿದೆ.”

“ನೆಟ್ಟಗಿದೆಯಾ, ಓರೆ ಆಗಿದೆಯಾ?”

“ಕುತ್ತಿಗೆ ಓರೆ ಮಾಡ್ಕೊಂಡಿದೆ.”

ಚೂಟಿ ಕಣ್ಣು ಮುಚ್ಚಿ ಗುರುವಾರದ ತನ್ನ ಬೆರಳನ್ನು ನೆನಪಿಸಿಕೊಂಡಳು. “ಕನ್ನಡಿ! ಬಾಯೊಳಗಿಟ್ಟು ಹಲ್ಲು ನೋಡ್ತಾರಲ್ಲ, ಆ ಕನ್ನಡಿ! ಯಾರೋ ಕದ್ದು ತುರುಕಿದ್ದಾರೆ!”

ಅಪ್ಪ ಕೈ ಹೊರಗೆಳೆದ. ಕನ್ನಡಿಯೇ. ಅಮ್ಮ ಕೂಡ ಮಿಷನ್ ನಿಲ್ಲಿಸಿ ಎದ್ದು ಬಂದಳು. ಆಮೇಲೆ ಒಂದು ಗೋಲಿ, ಒಂದು ಹಾಲುಹಲ್ಲು, ಚೂಟಿಯದೇ ಹೇರ್‌ಕ್ಲಿಪ್ಪು, ಕಲ್ಲಿನಂತಾದ ಒಂದು ಚಾಕೊಲೇಟು ಬಂದವು.

“ಹಲ್ಲು ಡಾಕ್ಟರ ಸೋಫಾದಲ್ಲಿ ಚಾಕೊಲೇಟು!” ಎಂದು ಮೂವರೂ ನಕ್ಕರು. ಅಪ್ಪನ ನಗು ಮಾತ್ರ ಅರ್ಧಕ್ಕೇ ಸೀನಾಯಿತು.

“ಒಂದು,” ಎಂದಳು ಚೂಟಿ, ಅಮ್ಮನ ಧ್ವನಿಯಲ್ಲಿ.

ಇನ್ನೊಂದು ಬಂತು. ಮತ್ತೊಂದು. ಸೀನು ನಿಂತ ಮೇಲೆ ಅಪ್ಪ ಕೆಳಗೆ ಬಿದ್ದ ಗೋಲಿ ಎತ್ತಲು ಬಗ್ಗಿದ, ಅರ್ಧದಲ್ಲೇ ನಿಂತ. ಹುಬ್ಬಿನ ಮೇಲೆ ಎರಡೂ ಹೆಬ್ಬೆರಳು ಒತ್ತಿಕೊಂಡ.

“ಟೀ ಸಿಗುತ್ತಾ?” ಎಂದ.

ಚೂಟಿ ಗಾಜಿಗೆ ಮೂಗು ಒತ್ತಿ ನೋಡುತ್ತಲೇ ಇದ್ದಳು. ಅಪ್ಪನ ಹೆಬ್ಬೆರಳು ಎಲ್ಲಿ ಒತ್ತಿವೆ ಎಂದು ಅವಳಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ಅಪ್ಪ ಬಗ್ಗಿ ಲೇಸ್ ಕಟ್ಟುವ ಶೂ ಹಾಕಿದ್ದನ್ನು ತಾನು ಯಾವತ್ತೂ ನೋಡಿಲ್ಲ ಎಂಬುದೂ ಆಗಲೇ ಹೊಳೆಯಿತು.

*

ಮುಂದಿನ ವಾರ ಚೂಟಿಯ ಎದೆ ಸುಮ್ಮನಿತ್ತು. ಸಿಸ್ಟರ ಪ್ರಶ್ನೆಗಳಿಗೆಲ್ಲ ಅವಳು ಯೋಚಿಸಿ ಯೋಚಿಸಿ ಉತ್ತರ ಕೊಟ್ಟಳು. ಒಂದು ಸಲ ಕೆಮ್ಮಿದ್ದನ್ನೂ ಹೇಳಿದಳು. ಅದು ನೀರು ನೆತ್ತಿಗೇರಿದ್ದಕ್ಕೆ ಎಂದೂ ಹೇಳಿದಳು. ಡಾಕ್ಟರ್ ಬಂದು ಎದೆ ಕೇಳಿ ಒಪ್ಪಿದ ಮೇಲೆ ಹಳೆಯ ಅಳತೆಯಲ್ಲೇ ಇಂಜೆಕ್ಷನ್ ಆಯಿತು.

“ಡಾಕ್ಟರ್, ಇನ್ನೊಂದು ವಿಷಯ,” ಎಂದಳು ಆಮೇಲೆ. “ಇದು ನನ್ನದಲ್ಲ. ಅಪ್ಪನದು. ಬಗ್ಗಿದ್ರೆ ಹಣೆ ಹಿಡ್ಕೋತಾನೆ. ಸೀನ್ತಾನೆ. ದಿನಾ ಸಂಜೆ ಟೀ ಬೇಕು ಅಂತಾನೆ, ಟೀ ಆಸೆಗಲ್ಲ, ತಲೆನೋವಿಗೆ.”

“ಏ, ನನಗೇನಾಗಿದೆ? ನಂದು ಕಬ್ಬಿಣದ ಮೂಗು,” ಎಂದ ಅಪ್ಪ.

“ಕಬ್ಬಿಣಕ್ಕೂ ತುಕ್ಕು ಹಿಡಿಯುತ್ತಲ್ಲ,” ಎಂದರು ಡಾಕ್ಟರ್. “ಇತ್ತೀಚೆಗೆ ಸೀನಿಗೆ, ಶೀತಕ್ಕೆ ಏನಾದ್ರೂ ಮಾತ್ರೆ ತಗೊಂಡಿದ್ದೀರಾ?”

“ಬರೀ ಟೀ.”

“ಹಾಗಾದ್ರೆ ಇವತ್ತೇ ನೋಡಿಬಿಡೋಣ. ಕೂತ್ಕೊಳ್ಳಿ. ಅಂಗಿ ತೋಳು ಮಡಚಿ.”

ಅಪ್ಪ ಬಾಗಿಲ ಕಡೆ ನೋಡಿದ. ಬಾಗಿಲಿಗೂ ಅವನಿಗೂ ನಡುವೆ ಚೂಟಿ ನಿಂತಿದ್ದಳು. ಕೂತ.

ಮುಂಗೈ ಮೇಲೆ ಹನಿಗಳ ಸಾಲು ಸಿದ್ಧವಾಯಿತು. ಸಿಸ್ಟರ್ ಪುಟ್ಟ ಮೊನೆ ಕೈಗೆತ್ತಿಕೊಂಡರು. ಚೂಟಿ ಅಪ್ಪನ ಇನ್ನೊಂದು ಕೈ ಹಿಡಿದುಕೊಂಡಳು. ಅಂಗೈ ಒದ್ದೆಯಾಗಿತ್ತು. ಅವಳು ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

“ಅಪ್ಪಾ, ಮೇಲೆ ನೋಡು.”

“ಯಾಕೆ?”

“ಫ್ಯಾನಿಗೆ ಎಷ್ಟು ಧೂಳು ಹಿಡಿದಿದೆ!”

ಅಪ್ಪ ತಲೆ ಎತ್ತಿದ. ಫ್ಯಾನು ಕನ್ನಡಿಯ ಹಾಗೆ ತಳತಳ ಹೊಳೆಯುತ್ತಿತ್ತು. ಅವನು ಒಂದು ಗಳಿಗೆ ಅದನ್ನೇ ನೋಡಿದ. ಮಗಳನ್ನು ನೋಡಿದ. ಮತ್ತೆ ಫ್ಯಾನನ್ನು ನೋಡಿದ.

“ಹೂಂ ಕಣೇ,” ಎಂದ. “ವಿಪರೀತ ಧೂಳು.”